ಬರೆಯದೆ ಬಿಟ್ಟ ಒಂದು ಸಾಲು

ಕಳೆದ ತಿಂಗಳು ಸಾನಪಾಡಾದಲ್ಲಿ ಇವರ ಚಿಕ್ಕಮ್ಮನ ಮೊಮ್ಮಗಳ ನಾಮಕರಣವಿತ್ತು. ಇವರಿಗೆ ಆಫೀಸಿನಲ್ಲಿ ರಜೆ ಸಿಗಲಿಲ್ಲ, ನಾನೊಬ್ಬಳೇ ಹೊರಟೆ. ಡೊಂಬಿವಲಿಯಿಂದ ಠಾಣೆ, ಠಾಣೆಯಲ್ಲಿ ಸೇತುವೆ ಹತ್ತಿಳಿದು ವಾಶಿಯ ಗಾಡಿ. ಮಳೆ ಬಿಟ್ಟುಬಿಟ್ಟು ಬರುತ್ತಿತ್ತು. ಎದುರು ಕೂತ ಹುಡುಗಿ ಒದ್ದೆ ಕೊಡೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಬಾಯಿಗೆ ಗಂಟು ಹಾಕಿದ್ದಳು, ಆದರೂ ಚೀಲದ ಒಂದು ಮೂಲೆಯಿಂದ ಅವಳ ಚಪ್ಪಲಿಯ ಮೇಲೆ ಹನಿ ಬೀಳುತ್ತಲೇ ಇತ್ತು. ಅದನ್ನೇ ನೋಡುತ್ತಿದ್ದೆ. ಘಣಸೋಲಿ ದಾಟಿದ ಮೇಲೆ ಯಾಕೋ ತಲೆ ಎತ್ತಿದೆ. ಕಿಟಕಿಯಾಚೆ ಆ ಆಸ್ಪತ್ರೆ ಹೋಯಿತು. ಹೊಸದಾಗಿ ಬೂದು ಬಣ್ಣ ಬಳಿದಿದ್ದಾರೆ. ಐದನೆಯ ಮಾಳಿಗೆ, ಎಡದಿಂದ ಮೂರನೆಯ ಕಿಟಕಿ. ಎಣಿಸುವಷ್ಟರಲ್ಲಿ ಗಾಡಿ ಮುಂದೆ ಹೋಗಿತ್ತು.

ಆ ಕಿಟಕಿಯ ಒಳಗೆ ನಾವು, ನಾನು ಮತ್ತು ನನ್ನ ಮಗಳು ನಿಧಿ, ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ ಒಂಬತ್ತು ದಿನ ಇದ್ದೆವು. ಅದರ ಬಗ್ಗೆ ಯಾರ ಹತ್ತಿರವೂ ಪೂರ್ತಿ ಹೇಳಿಲ್ಲ. ಅತ್ತೆ ಇರುವವರೆಗೆ ಹೇಳುವ ಹಾಗೂ ಇರಲಿಲ್ಲ. ಅವರು ಹೋಗಿ ಈಗ ವರ್ಷ ಕಳೆಯಿತು.

ನಿಧಿಗೆ ಆಗ ಹತ್ತೊಂಬತ್ತು. ಒಂಬತ್ತನೆಯ ವಯಸ್ಸಿನಿಂದ ಅವಳಿಗೆ ಫಿಟ್ಸ್ ಬರುತ್ತದೆ. ಮೊದಲು ಮಾತು ನಿಲ್ಲುತ್ತದೆ. ಕಣ್ಣು ಎಲ್ಲೋ ನೆಡುತ್ತದೆ. ತುಟಿ ಚಪ್ಪರಿಸುತ್ತಾಳೆ, ಏನೋ ರುಚಿ ನೋಡಿದ ಹಾಗೆ. ಕೈಗೆ ಸಿಕ್ಕಿದ ಬಟ್ಟೆಯನ್ನು ಉಜ್ಜುತ್ತಾಳೆ. ಕೆಲವು ಸಲ ಅಷ್ಟಕ್ಕೇ ಮುಗಿಯುತ್ತದೆ, ಕೆಲವು ಸಲ ನೆಲಕ್ಕೆ ಬಿದ್ದು ಮೈ ಸೆಟೆದು ಅದುರುತ್ತದೆ. ನಮ್ಮ ಮನೆಯಲ್ಲಿ ಗ್ಯಾಸಿನ ಒಲೆಯ ಹತ್ತಿರ ಅವಳನ್ನು ಒಬ್ಬಳೇ ಬಿಟ್ಟಿಲ್ಲ. ಬಚ್ಚಲುಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಲು ಬಿಟ್ಟಿಲ್ಲ. ಕಾಲೇಜಿಗೆ ಹೋಗುವ ಹುಡುಗಿ ಸ್ನಾನ ಮಾಡುವಾಗ ಹೊರಗೆ ಅಮ್ಮ ಕಾಯುತ್ತಾ ನಿಂತಿರುವುದು ಅವಳಿಗೆ ಎಷ್ಟು ಚುಚ್ಚುತ್ತಿತ್ತು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿಲ್ಲುತ್ತಿದ್ದೆ.

ಎರಡು ಮದ್ದು, ಮೂರು ಮದ್ದು ಎಲ್ಲ ಆದ ಮೇಲೆ ಒಬ್ಬರು ದೊಡ್ಡ ಡಾಕ್ಟರು, ವಯಸ್ಸಾದ ಹೆಂಗಸು, ಹೊಸ ದಾರಿ ಹೇಳಿದರು. ಈ ಫಿಟ್ಸ್ ಮಿದುಳಿನ ಒಂದೇ ಜಾಗದಿಂದ ಹುಟ್ಟಿ ಬರುತ್ತಿದ್ದರೆ, ಆ ಜಾಗ ಯಾವುದೆಂದು ಸರಿಯಾಗಿ ಸಿಕ್ಕಿದರೆ, ಆಪರೇಷನ್ ಮಾಡಿ ತೆಗೆಯಬಹುದು. ಆಮೇಲೆ ಫಿಟ್ಸ್ ಬಾರದೆಯೇ ಇರಬಹುದು. ಹುಡುಕಬೇಕಾದರೆ ಆಸ್ಪತ್ರೆಯಲ್ಲಿ ಇರಬೇಕು. ತಲೆಗೆಲ್ಲ ತಂತಿ ಅಂಟಿಸಿ, ಮಿದುಳಿನ ಅಲೆಗಳನ್ನು ಹಗಲೂ ರಾತ್ರಿ ಯಂತ್ರದಲ್ಲಿ ಬರೆಸಬೇಕು. ಮದ್ದು ಕಡಿಮೆ ಮಾಡಿ, ಫಿಟ್ಸ್ ಬರಲಿ ಎಂದು ಕಾಯಬೇಕು. ಹತ್ತು ವರ್ಷ ಬರಬಾರದು ಬರಬಾರದು ಎಂದು ದೇವರ ಮುಂದೆ ಕೂತವಳಿಗೆ ಈಗ ಬರಲಿ ಎಂದು ಹೇಗೆ ಬೇಡಿಕೊಳ್ಳುವುದು ಎಂದೇ ತಿಳಿಯಲಿಲ್ಲ.

ಅಡ್ಮಿಟ್ ಆಗುವ ಮುಂಚಿನ ನಿಯಮಗಳ ಚೀಟಿಯಲ್ಲಿ ಒಂದು ಸಾಲಿಗೆ ಕೆಂಪು ಗೆರೆ ಎಳೆದಿದ್ದರು: ಮೂರು ದಿನದಿಂದ ತಲೆಗೆ ಎಣ್ಣೆ ಸೋಕಿಸಬಾರದು. ಅತ್ತೆ ಆಗ ಅಂಬರನಾಥದಲ್ಲಿ ಭಾವನವರ ಮನೆಯಲ್ಲಿದ್ದರು. ಭಾವನವರದು ಅಲ್ಲೇ ಸ್ಟೇಷನ್ ಹತ್ತಿರ ಸಣ್ಣ ವೆಜ್ ಹೋಟೆಲು. ಫೋನಿನಲ್ಲಿ ಈ ನಿಯಮ ಹೇಳಿದಾಗ ಅತ್ತೆ ನಕ್ಕೇಬಿಟ್ಟರು.

"ತಲೆಗೆ ಎಣ್ಣೆ ಹಾಕ್ಬಾರ್ದಂತೆ, ತಲೆಯ ಕಾಯಿಲೆ ಗುಣ ಮಾಡ್ತಾರಂತೆ! ಒಳ್ಳೆ ಡಾಕ್ಟ್ರು ಮಾರಾಯ್ತಿ. ಒಂದೆಲಗದ ಎಣ್ಣೆ ನಾನು ಇವತ್ತೂ ಕಾಯಿಸಿಟ್ಟಿದ್ದೇನೆ. ಅದು ಬಿದ್ದದ್ದಕ್ಕೇ ಆ ಹುಡುಗಿ ಇಷ್ಟಾದ್ರೂ ಉಂಟು."

"ತಂತಿ ಅಂಟೂದಿಲ್ಲಂತೆ ಅತ್ತೆ."

"ತಂತಿಗೆ ಬೇಕಾಗಿ ಮಗುವಿನ ತಲೆ ಒಣಗಿಸುವುದಾ?"

ಒಣಗಿಸಿದೆವು. ಎರಡು ಸಲ ಶಾಂಪೂ ಹಾಕಿ ತೊಳೆದು, ಜುಲೈ ತಿಂಗಳ ಒಂದು ಬೆಳಿಗ್ಗೆ ಬ್ಯಾಗು ಹಿಡಿದು ಹೋದೆವು.

ತಂತಿ ಅಂಟಿಸಿದವರು ಸುಮಂಗಲಾ. ಅಲೆಗಳನ್ನು ಬರೆಸುವ ಟೆಕ್ನೀಷಿಯನ್. ಧಾರವಾಡದ ಕಡೆಯವರು, ಮದುವೆಯಾಗಿ ಕಲ್ಯಾಣಕ್ಕೆ ಬಂದು ಹದಿನೈದು ವರ್ಷವಾಗಿತ್ತು. ನಾನು ನಿಧಿಗೆ "ಅಲುಗಾಡ್ಬೇಡ" ಎಂದದ್ದು ಕೇಳಿ ತಿರುಗಿ ನೋಡಿದರು.

"ಕನ್ನಡದವ್ರೇನ್ರಿ ಅಕ್ಕಾರ? ಮೊದ್ಲ ಹೇಳಬಾರದೇನು? ಅರ್ಧ ತಾಸಾತು ನಾನು ಹರಕು ಮುರುಕು ಹಿಂದಿ ಮಾತಾಡಾಕತ್ತೀನಿ."

ಅಳತೆ ಪಟ್ಟಿ ಇಟ್ಟು, ಪೆನ್ಸಿಲಿನಲ್ಲಿ ಗುರುತು ಹಾಕಿ, ಕೂದಲು ಬೈತಲೆ ತೆಗೆದು, ತಂತಿಯ ತುದಿಯ ಒಂದೊಂದೇ ಬಿಲ್ಲೆಗೆ ಅಂಟು ಹಚ್ಚಿ ಕೂರಿಸಿದರು. ಇಪ್ಪತ್ತೈದು ತಂತಿ. ಮೇಲೆ ಬಿಳಿ ಬ್ಯಾಂಡೇಜಿನ ಬಟ್ಟೆ ಸುತ್ತಿದರು. ಸಂಜೆ ಆಫೀಸಿನಿಂದ ನೇರ ಬಂದ ಇವರು ಬಾಗಿಲಲ್ಲೇ ನಿಂತು, "ಓಹೋ, ಮದುಮಗ ಪೇಟ ಕಟ್ಟಿ ಕೂತಿದ್ದಾನೆ" ಎಂದರು. ನಿಧಿ, "ಪಪ್ಪಾ, ಪ್ಲೀಸ್. ಬಿಲ್ಕುಲ್ ಫನ್ನಿ ನಹೀಂ ಹೈ" ಎಂದಳು. ನಾವು ಕನ್ನಡದಲ್ಲಿ ಹೇಳುವುದು, ಅವಳು ಹಿಂದಿಯಲ್ಲಿ ಉತ್ತರ ಕೊಡುವುದು. ನಮ್ಮ ಮನೆಯ ಮಾತುಕತೆ ಮೊದಲಿನಿಂದಲೂ ಹೀಗೆಯೇ.

ನನಗೂ ಒಂದು ಕೆಲಸ ಕೊಟ್ಟರು. ನಿಧಿ ಯಾವ ಹೊತ್ತಿಗೆ ಏನು ಮಾಡಿದಳು ಎಂದು ಬರೆದಿಡಬೇಕು. ಅವಳದೇ ಹಳೆಯ ನೋಟ್‌ಬುಕ್ಕಿನಲ್ಲಿ ಖಾಲಿ ಉಳಿದ ಹಾಳೆಗಳಿದ್ದವು. ಕಾನ್ವೆಂಟಿನಲ್ಲಿ ಸಿಸ್ಟರ್ ಲಿಲ್ಲಿ ಕೈಗೆ ಸ್ಕೇಲಿನಿಂದ ಹೊಡೆದು ಕಲಿಸಿದ ಅಕ್ಷರ ನನ್ನದು, ಸುಮ್ಮನೆ ಇರಲು ಬರುವುದಿಲ್ಲ. 'ಎಂಟು ಹತ್ತು: ಇಡ್ಲಿ ತಿಂದಳು, ಎಡಗಡೆ ಹಲ್ಲಿನಿಂದ. ಎಂಟು ಇಪ್ಪತ್ತೆರಡು: ಎರಡು ಸೀನು. ಒಂಬತ್ತು: ಮೊಬೈಲ್ ನೋಡಿ ನಗು. ಒಂಬತ್ತೂ ಕಾಲು: ಕಾಲು ಅಲ್ಲಾಡಿಸುತ್ತಾ ಕೂತಳು. ನಾನು ಬೆನ್ನು ತಟ್ಟಿದೆ.'

ಎರಡನೆಯ ದಿನ ಸುಮಂಗಲಾ ಆ ಪುಸ್ತಕ ತೆಗೆದುಕೊಂಡು ಪಕ್ಕದ ಸಣ್ಣ ಕೋಣೆಗೆ ಹೋದವರು ಐದು ನಿಮಿಷದಲ್ಲಿ ಬಂದು ನನ್ನನ್ನೂ ಕರೆದರು. ಒಂದು ಪರದೆಯ ಮೇಲೆ ಕೋಣೆಯ ಕ್ಯಾಮೆರಾದಲ್ಲಿ ತೆಗೆದ ನಿಧಿಯ ವೀಡಿಯೊ, ಪಕ್ಕದಲ್ಲಿ ಒಂದರ ಕೆಳಗೊಂದು ಗೆರೆಗಳು, ಸಣ್ಣಗೆ ನಡುಗುತ್ತಾ ಓಡುತ್ತಿದ್ದವು.

"ಇವೆಲ್ಲಾ ಮಿದುಳಿನವು ಅಂತ ತಿಳಕೋಬ್ಯಾಡ್ರಿ. ಇದು ನೋಡ್ರಿ, ಕಣ್ಣು ಪಿಳುಕಿಸಿದ್ದು. ಈ ಕಪ್ಪಗೆ ದಪ್ಪ ಆಗೇತಲ್ಲ, ಇದು ನಿಮ್ಮ ಇಡ್ಲಿ. ಅಗಿಯೋದು. ಎಡಗಡೆ ಹಲ್ಲಂತ ಬರದೀರಿ, ಖರೇನ ಎಡಕ್ಕ ಜಾಸ್ತಿ ಐತಿ ನೋಡ್ರಿ." ಅವರಿಗೆ ಖುಷಿಯಾಗಿತ್ತು. "ಇನ್ನ ಇದು ಹೇಳ್ರಿ, ಏನಿದು?"

ಒಂದೇ ಅಂತರದಲ್ಲಿ ಏಳುತ್ತಾ ಬೀಳುತ್ತಾ ಹೋಗುವ ಅಲೆ. ಎಷ್ಟು ಚೆಂದಕ್ಕಿತ್ತೆಂದರೆ ಅದೇ ಕಾಯಿಲೆ ಇರಬೇಕು ಎಂದುಕೊಂಡೆ.

"ಇದು ನೀವ. ಬೆನ್ನು ತಟ್ಟಾಕತ್ತೀರಲ್ಲ, ಒಂದ ಸಮ. ಹೊಸಬರು ನೋಡಿದ್ರ ಫಿಟ್ಸ್ ಅಂತ ಬರದಬಿಡ್ತಾರ."

ಅವರ ಕೆಲಸ ಅದು. ಮಿದುಳಿನದಲ್ಲದ್ದನ್ನು ಹುಡುಕಿ, ಬೂದು ಬಣ್ಣ ಹಾಕಿ ಬದಿಗಿಡುವುದು. ಹಾಗೆ ಸ್ವಚ್ಛ ಮಾಡಿದ ಮೇಲೆಯೇ ಫಿಟ್ಸ್ ಎಲ್ಲಿಂದ ಹುಟ್ಟಿತೆಂದು ಡಾಕ್ಟರಿಗೆ ಕಾಣುವುದು. ಅಕ್ಕಿ ಆರಿಸಿದ ಹಾಗೆ ಅಲ್ಲವಾ ಎಂದೆ. "ಹಂಗ ಅನ್ರಿ. ಆದ್ರ ಅಕ್ಕ್ಯಾಗಿನ ಕಲ್ಲು ಕಲ್ಲಿನಂಗ ಇರ್ತೈತಿ. ಇಲ್ಲಿ ಕಲ್ಲೂ ಅಕ್ಕಿ ಹಂಗ ಇರ್ತೈತ್ರಿ" ಎಂದರು. ಬೆವರು ಇಳಿದರೆ, ತಂತಿಯ ಬುಡ ಸಡಿಲವಾದರೆ ಗೆರೆ ದೊಡ್ಡ ದೊಡ್ಡ ನಿಧಾನದ ಅಲೆಯಾಗಿ ತೇಲುತ್ತದೆ, ಅದು ಮಹಾ ಮೋಸ, ಎಂದೂ ಹೇಳಿದರು. ನನ್ನ ಪುಸ್ತಕವನ್ನು ತಿರುವಿ, "ನಿಮ್ಮಂಥ ತಾಯಿ ಎಲ್ಲಾರಿಗೂ ಇದ್ದಿದ್ರ ನಾನು ನಾಕಕ್ಕ ಮನಿಗೆ ಹೊಂಟಿರ್ತಿದ್ದೆ" ಎಂದು ನಕ್ಕರು. ಇಪ್ಪತ್ತು ವರ್ಷದ ಸಂಸಾರದಲ್ಲಿ ನನ್ನ ಯಾವ ಕೆಲಸಕ್ಕೂ ಅಂಥ ಮಾತು ಸಿಕ್ಕಿರಲಿಲ್ಲ. ಆಮೇಲೆ ಇನ್ನೂ ಚೆನ್ನಾಗಿ ಬರೆದೆ.

ನಾಲ್ಕು ದಿನವಾದರೂ ಫಿಟ್ಸ್ ಬರಲಿಲ್ಲ. ಮನೆಯಲ್ಲಿ ವಾರಕ್ಕೆರಡು ಸಲ ಬರುವುದು ಇಲ್ಲಿ ಮುಖವನ್ನೇ ತೋರಿಸಲಿಲ್ಲ. "ಶರ್ಮಾ ರಹಾ ಹೈ ಕ್ಯಾಮೆರಾ ಸೇ" ಎಂದಳು ನಿಧಿ, ಕ್ಯಾಮೆರಾ ಕಂಡು ಅದಕ್ಕೆ ನಾಚಿಕೆಯಂತೆ. ಮೂರನೆಯ ದಿನ ಭಾವನವರ ಹೋಟೆಲಿನಿಂದ ತಿಂಡಿಯ ಚೀಲ ಬಂತು. ಚಕ್ಕುಲಿಯ ಡಬ್ಬಿಯ ಕೆಳಗೆ, ಹಳೆಯ ಟವೆಲಿನ ತುಂಡಿನಲ್ಲಿ ಸುತ್ತಿ, ಅತ್ತೆಯ ಎಣ್ಣೆ. ಕೆಮ್ಮಿನ ಮದ್ದಿನ ಖಾಲಿ ಬಾಟಲಿಯಲ್ಲಿ ಹಸಿರು ಎಣ್ಣೆ. ನಕ್ಕು, ಮನೆಗೆ ಒಯ್ದರಾಯಿತೆಂದು ಕಪಾಟಿನಲ್ಲಿ ನನ್ನ ಸೀರೆಯ ಅಡಿಗೆ ಇಟ್ಟೆ.

ಐದನೆಯ ದಿನ ಬೆಳಿಗ್ಗೆಯಿಂದಲೇ ಆಕಾಶ ಕಳಚಿ ಬಿದ್ದ ಹಾಗೆ ಮಳೆ. ಎಂಟು ಗಂಟೆಗೆ ಸುಮಂಗಲಾ ಫೋನ್ ಮಾಡಿದರು. "ಅಕ್ಕಾರ, ಕಲ್ಯಾಣ ಸ್ಟೇಷನ್ನಿನ್ಯಾಗ ಸಿಕ್ಕೊಂಡೇನ್ರಿ. ಹಳಿ ಮ್ಯಾಲೆ ನೀರು ನಿಂತಾವ. ಇವತ್ತು ಬರಾಕ ಆಗಂಗಿಲ್ಲ." ದಿನಾ ಅವರು ಬಂದು ಬಟ್ಟೆ ಬಿಚ್ಚಿ, ತಂತಿಯ ಬುಡಗಳನ್ನು ನೋಡಿ, ಒಣಗಿದ ಕಡೆ ಸರಿಮಾಡಿ, ನೆತ್ತಿಗೆ ಸ್ವಲ್ಪ ಗಾಳಿ ತೋರಿಸುತ್ತಿದ್ದರು. ಅವತ್ತು ಅದು ಆಗಲಿಲ್ಲ. ಇವರೂ ಡೊಂಬಿವಲಿಯಲ್ಲೇ ಉಳಿದರು. ಹತ್ತೂವರೆಯ ಹೊತ್ತಿಗೆ ನಿಧಿಗೆ ತುರಿಕೆ ಶುರುವಾಯಿತು. ಐದು ದಿನ ತೊಳೆಯದ ತಲೆ, ಅಂಟು, ಸೆಕೆ. ಬಟ್ಟೆಯ ಮೇಲಿನಿಂದ ಗುದ್ದಿಕೊಂಡಳು. ನರ್ಸನ್ನು ಕರೆದರೆ, ಟೆಕ್ನೀಷಿಯನ್ ಇಲ್ಲದೆ ಮುಟ್ಟುವ ಹಾಗಿಲ್ಲ ಎಂದಳು, ಪಾಪ, ಅವಳದೂ ತಪ್ಪಲ್ಲ. ನಿಧಿ ಅಳಲು ಶುರುಮಾಡಿದಳು. ಹತ್ತೊಂಬತ್ತರ ಹುಡುಗಿ, ಚಿಕ್ಕ ಮಗುವಿನ ಹಾಗೆ, ಮೂಗು ಸುರಿಸಿಕೊಂಡು.

"ಮಮ್ಮಿ, ಕುಛ್ ತೋ ಕರ್ ನಾ."

ಏನಾದರೂ ಮಾಡಬೇಕಿತ್ತು. ಕಪಾಟು ತೆಗೆದೆ. ಕಿವಿಗೆ ಹಾಕುವ ಹತ್ತಿಯ ಕಡ್ಡಿಯೊಂದನ್ನು ಎಣ್ಣೆಯಲ್ಲಿ ಅದ್ದಿದೆ. ಮಂಚದ ಮೇಲೆ ಅವಳ ಪಕ್ಕ ಕೂತು, ಬಟ್ಟೆಯ ಅಂಚನ್ನು ಎಡಕಿವಿಯ ಮೇಲೆ ಚೂರು ಎತ್ತಿ ಕಡ್ಡಿ ಒಳಗೆ ತೂರಿಸಿದೆ. ಒಂದು ಸಲ. ಅವಳು "ಹಾಂ, ಅಲ್ಲೇ" ಎಂದಳು, ಕನ್ನಡದಲ್ಲಿ. ಇನ್ನೆರಡು ಸಲ. ಅವಳ ಭುಜ ಸಡಿಲವಾದದ್ದು ನನ್ನ ಕೈಗೆ ಗೊತ್ತಾಯಿತು. ನಿದ್ದೆ ಹೋದಳು. ನಾನು ಪುಸ್ತಕ ತೆಗೆದೆ. 'ಹತ್ತು ನಲವತ್ತು: ತಲೆ ತುರಿಕೆ, ಅಳು.' ಅದರ ಕೆಳಗೆ, 'ಹತ್ತು ಐವತ್ತೈದು: ಸಮಾಧಾನವಾಯಿತು. ಮಲಗಿದಳು.' ನಡುವೆ ಒಂದು ಸಾಲು ಬರಬೇಕಿತ್ತು. ಪೆನ್ನು ಅಲ್ಲಿ ನಿಂತದ್ದು ನೆನಪಿದೆ. ಬರೆದರೆ ಸುಮಂಗಲಾ ಏನೆಂದುಕೊಂಡಾರು ಎಂದು ನಾಚಿಕೆಯಾಯಿತು. ಕೆಂಪು ಗೆರೆ ಎಳೆದು ಹೇಳಿದ ಒಂದೇ ಮಾತು.

ಹನ್ನೊಂದು ನಲವತ್ತಕ್ಕೆ ನಿಧಿ ಎದ್ದು ಕೂತಳು. ನನ್ನತ್ತ ನೋಡಿ, ನೋಡದೆ, ತುಟಿ ಚಪ್ಪರಿಸಿದಳು. ಫಿಟ್ಸ್ ಬಂದರೆ ಒತ್ತಲು ಕೊಟ್ಟಿದ್ದ ಗುಂಡಿ ಒತ್ತಿದೆ. ಐದು ದಿನ ಕಾದದ್ದು ಬಂದಿತ್ತು. ಮೈ ಸೆಟೆಯಿತು, ಅದುರಿತು, ನರ್ಸುಗಳು ಓಡಿಬಂದರು, ಮಗ್ಗುಲಿಗೆ ಮಲಗಿಸಿದರು. ಎರಡು ನಿಮಿಷವಿದ್ದಿರಬೇಕು. ಎಲ್ಲ ಶಾಂತವಾದ ಮೇಲೆ ಒಬ್ಬ ನರ್ಸ್, ಡಾಕ್ಟರನ್ನು ಫೋನಿನಲ್ಲಿ ಕೇಳಿಕೊಂಡು, ಬಟ್ಟೆ ಸರಿಸಿ, "ಎಡಗಡೆ ಮೂರು ಬಿಲ್ಲೆ ಎದ್ದಿವೆ, ಒದ್ದಾಡಿದ್ದಕ್ಕೆ" ಎಂದು ಸ್ಪಿರಿಟ್ ಹಚ್ಚಿ ಒರೆಸಿ ಹೊಸ ಅಂಟು ಹಾಕಿ ಕೂರಿಸಿದಳು. ಒದ್ದಾಡಿದ್ದಕ್ಕಲ್ಲ ಎಂದು ನನಗೆ ಆಗಲೇ ಅನಿಸಿತು. ಸುಮ್ಮನಿದ್ದೆ.

ಸಂಜೆ ಐದಕ್ಕೆ ಡ್ಯೂಟಿಯ ಚಿಕ್ಕ ಡಾಕ್ಟರ್ ಬಂದ. ಮರಾಠಿ ಹುಡುಗ, ಮುಖದ ತುಂಬ ನಗು. "ಕಾಕೂ, ಚಾಂಗ್ಲಿ ಬಾತ್ಮಿ!" ಒಳ್ಳೆಯ ಸುದ್ದಿಯಂತೆ. ಫಿಟ್ಸ್ ಶುರುವಾಗುವ ಮೊದಲೇ ಎಡಗಡೆ, ಕಿವಿಯ ಮೇಲೆ, ನಿಧಾನದ ಅಲೆಗಳು ಕಂಡಿವೆಯಂತೆ. ಬೇರೆಲ್ಲೂ ಇಲ್ಲ, ಅಲ್ಲಿ ಮಾತ್ರ. ಸ್ವಚ್ಛ ಮಾಡಿ ನೋಡಬೇಕು, ದೊಡ್ಡ ಡಾಕ್ಟರು ಹೇಳಬೇಕು, ಆದರೆ ಒಂದೇ ಜಾಗ ಇರುವ ಹಾಗಿದೆ, ಆಪರೇಷನ್ನಿಗೆ ಬರುವಂಥ ಜಾಗ.

ಅವನು ತನ್ನ ಎಡಕಿವಿಯ ಮೇಲೆ ಬೆರಳಿಟ್ಟು ತೋರಿಸಿದ. ನಾನು ಕಡ್ಡಿ ತೂರಿಸಿದ ಜಾಗವದು.

ನಿಧಿ ಆ ಸಂಜೆ ಇದ್ದ ಹಾಗೆ ನಾನು ಅವಳನ್ನು ಹಿಂದೆ ನೋಡಿರಲಿಲ್ಲ. ಮೈಯೆಲ್ಲ ನೋವು, ಕಚ್ಚಿಕೊಂಡ ನಾಲಗೆ ಊದಿ ಮಾತು ತೊದಲುತ್ತಿತ್ತು, ಆದರೂ ಫೋನು ಕೆಳಗಿಡಲಿಲ್ಲ. ಅಪ್ಪನಿಗೆ ಹೇಳಿದಳು. ಗೆಳತಿ ಪೂಜಾಗೆ ಹೇಳಿದಳು. ಅಜ್ಜಿಗೆ ಹೇಳಿದಳು. "ನೋಡು, ನನ್ನ ಎಣ್ಣೆ ಹೋಗಿ ಮುಟ್ಟಿದ್ದೇ ತಡ" ಎಂದು ಅತ್ತೆ ಆಚೆಯಿಂದ ಕೂಗಿದ್ದು ನನಗೂ ಕೇಳಿಸಿತು. ಆಮೇಲೆ ನನ್ನ ಕಡೆ ತಿರುಗಿ, "ಮಮ್ಮಿ, ಆಪರೇಷನ್ ಕೇ ಬಾದ್ ಸಬ್ ಸೇ ಪೆಹಲೇ ಬಾಥ್‌ರೂಮ್ ಕಾ ಚಿಲಕ ಲಗಾವೂಂಗಿ. ಏಕ್ ಘಂಟಾ ಬಾಹರ್ ನಹೀಂ ಆವೂಂಗಿ. ತೂ ಚಿಲ್ಲಾತೀ ರೆಹನಾ" ಎಂದಳು. ಒಳಗಿನಿಂದ ಚಿಲಕ ಹಾಕಿ ಒಂದು ಗಂಟೆ ಹೊರಗೆ ಬರುವುದಿಲ್ಲವಂತೆ, ನಾನು ಕೂಗುತ್ತಲೇ ಇರಬೇಕಂತೆ. ನಾನೂ ನಕ್ಕೆ. ಇವರು ಫೋನಿನಲ್ಲಿ ನನ್ನನ್ನು ಕರೆಸಿ, "ನೀನು ಊಟ ಮಾಡಿದ್ಯಾ?" ಎಂದು ಕೇಳಿದರು. ಇಪ್ಪತ್ತು ವರ್ಷದಲ್ಲಿ ಹಾಗೆ ಕೇಳಿದ್ದು ಕಡಿಮೆ.

ನಾನೇನು ಡಾಕ್ಟರಾ, ಎಂದು ನನಗೆ ನಾನೇ ಹೇಳಿಕೊಂಡೆ. ಮೂರು ಹನಿ ಎಣ್ಣೆ. ಅಲೆ ನಿಜವೇ ಇದ್ದರೆ? ನಾನು ಬಾಯಿ ಬಿಟ್ಟು ನಿಜವನ್ನೇ ಹಾಳು ಮಾಡಿದರೆ?

ಮರುದಿನ ಗಾಡಿಗಳು ಶುರುವಾದವು. ಸುಮಂಗಲಾ ಬಂದವರು ಚಹಾ ಕೂಡ ಕುಡಿಯದೆ ಕಂಪ್ಯೂಟರಿನ ಮುಂದೆ ಕೂತರು. ಹತ್ತು ಗಂಟೆಗೆ ನನ್ನನ್ನು ಕರೆದರು. ಅವರ ಮುಖದಲ್ಲಿ ಚಿಕ್ಕ ಡಾಕ್ಟರನ ನಗು ಇರಲಿಲ್ಲ, ಬೇಸರವೂ ಇರಲಿಲ್ಲ. ಹುಬ್ಬು ಗಂಟಿಕ್ಕಿದ್ದರು.

"ಅಕ್ಕಾರ, ಸ್ವಲ್ಪ ಸಹಾಯ ಮಾಡ್ರಿ. ಈ ಅಲೆ ನೋಡಿದ್ರ ಬೆವರಿಂದು ಅನಸ್ತೈತಿ. ಆದ್ರ ಬೆವರು ಬಂದ್ರ ತಲಿ ತುಂಬ ಬರಬೇಕು. ಬರೇ ಎಡಕ್ಕ ಯಾಕ? ತಂತಿ ಸಡಲಾಗಿತ್ತು ಅಂದ್ರ ಮಲಗಿದಾಕಿ ತಂತಿ ಹೆಂಗ ಸಡಲಾತು? ಹಂಗಾರ ಮಿದುಳಿಂದ ಇರಬೇಕು. ನಿಮ್ಮ ಪುಸ್ತಕದಾಗ ಏನೂ ಇಲ್ಲ. ನೀವು ಬರದಿಲ್ಲ ಅಂದ್ರ ಆಗಿಲ್ಲ, ಅಷ್ಟು ನಂಬಿಕಿ ಐತಿ ನನಗ."

ವೀಡಿಯೊ ಹಿಂದಕ್ಕೆ ಓಡಿಸಿದರು. ಹತ್ತು ನಲವತ್ತೈದು. ಮಂಚ, ನಿಧಿಯ ಕಾಲು, ಮತ್ತು ನನ್ನ ಬೆನ್ನು. ಕ್ಯಾಮೆರಾಕ್ಕೆ ಬೆನ್ನು ಹಾಕಿ ಕೂತಿದ್ದೆ. ಬೇಕೆಂದೇ ಹಾಗೆ ಕೂತಿದ್ದೆನೋ, ಹಾಗೇ ಆಯಿತೋ, ಇಂದಿಗೂ ಖಾತ್ರಿಯಿಲ್ಲ. ನೀಲಿ ಹೂವಿನ ಹತ್ತಿಯ ಸೀರೆ, ಜಾರಿದ ಸೆರಗು, ರವಿಕೆಯ ಬೆನ್ನಿನಲ್ಲಿ ಬೆವರಿನ ಕಲೆ. ಆ ಹೆಂಗಸು ಮುಂದಕ್ಕೆ ಬಾಗಿದಳು. ಮೊಣಕೈ ಮೂರು ಸಲ ಅಲುಗಿತು.

"ಇಲ್ಲಿ ಏನ್ ಮಾಡಾಕತ್ತಿದ್ರಿ ಅಕ್ಕಾರ?"

ಬೆನ್ನು ತಟ್ಟುತ್ತಿದ್ದೆ ಎಂದರೆ ಮುಗಿಯುತ್ತಿತ್ತು. ಅವರು ಹಾಗೆಯೇ ಬರೆದುಕೊಳ್ಳುತ್ತಿದ್ದರು. ಪಕ್ಕದ ಕೋಣೆಯಲ್ಲಿ ನಿಧಿ ಫೋನಿನಲ್ಲಿ ಯಾರೊಂದಿಗೋ ನಗುವುದು ಕೇಳುತ್ತಿತ್ತು.

"ಎಣ್ಣೆ ಹಚ್ಚಿದೆ" ಎಂದೆ.

ಸುಮಂಗಲಾ ಮೌಸಿನ ಮೇಲಿನ ಕೈ ತೆಗೆದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಸುಲಭವಿತ್ತು. ಎಷ್ಟು ಹನಿ, ಎಲ್ಲಿ, ಎಷ್ಟು ಹೊತ್ತಿಗೆ ಎಂದಷ್ಟೇ ಕೇಳಿ, ನಾನು ತೋರಿಸಿದ ಕಡೆಯ ಮೂರು ಗೆರೆಗಳನ್ನು ಬೂದು ಮಾಡಿದರು. ನಿಧಾನದ ಅಲೆಗಳೆಲ್ಲ ಹೊರಟುಹೋದವು. ಉಳಿದ ಗೆರೆಗಳಲ್ಲಿ ಫಿಟ್ಸ್ ಎಲ್ಲ ಕಡೆಯೂ ಒಟ್ಟಿಗೆ ಎದ್ದ ಹಾಗೆ ಕಂಡಿತು, ಎಲ್ಲಿಂದ ಎಂದು ಹೇಳಲು ಬಾರದ ಹಾಗೆ.

"ಇದೊಂದ ನೋಡಿ ಆಪರೇಷನ್ ಮಾಡ್ತಿರಲಿಲ್ರಿ. ಆದ್ರ ಮುಂದ ಹುಡುಕೋದೆಲ್ಲ ಈ ಎಡಕಿವಿ ಸುತ್ತಾನ ಹುಡುಕ್ತಿದ್ರು. ಹೇಳಿದ್ದು ಚಲೋ ಆತು." ಪುಸ್ತಕದ ಆ ಹಾಳೆ ತೆರೆದು, "ತಿನ್ನೂದು ಕುಡ್ಯೂದು ಎಲ್ಲಾ ಬರದು ಇದನ್ನ ಯಾಕ ಬಿಟ್ರಿ ಅಕ್ಕಾರ?" ಎಂದರು. ಪುಸ್ತಕ ಕೇಳಿ ತೆಗೆದುಕೊಂಡು, ಎರಡು ಸಾಲುಗಳ ನಡುವೆ ಸಣ್ಣ ಅಕ್ಷರದಲ್ಲಿ ಬರೆದು ಕೊಟ್ಟೆ.

ನಿಧಿಗೆ ನಾನೇ ಹೇಳಿದೆ. ಮೊದಲು ಅರ್ಥವಾಗಲಿಲ್ಲ. ಆಮೇಲೆ ಫೋನನ್ನು ನಿಧಾನವಾಗಿ ಮಗುಚಿ ಹಾಸಿಗೆಯ ಮೇಲಿಟ್ಟಳು.

"ತೋ ವೋ ಲೆಫ್ಟ್ ವಾಲಾ... ತೇಲ್ ಥಾ?"

"ಎಣ್ಣೆಯದೇ ಇರಬಹುದಂತೆ. ಇನ್ನೊಂದು ಸಲ ನೋಡ್ಬೇಕಂತೆ."

"ಬೋಲನಾ ಜರೂರಿ ಥಾ?"

"ಹೇಳದೆ ಹೇಗೆ ನಿಧಿ? ತಪ್ಪು ಜಾಗ ಹಿಡಿದು ಹುಡುಕಿದ್ರೆ..."

"ಬಸ್ ಕರ್, ಮಮ್ಮಿ." ಗೋಡೆಯ ಕಡೆ ತಿರುಗಿದಳು. ತಂತಿಗಳ ಜಡೆ ಅವಳ ಬೆನ್ನ ಮೇಲಿಂದ ಯಂತ್ರದವರೆಗೆ ಬಿದ್ದಿತ್ತು. ಸೆಳೆಯದಿರಲಿ ಎಂದು ಸರಿಮಾಡಲು ಹೋದೆ. "ಮತ್ ಛೂ" ಎಂದಳು. ಮುಟ್ಟದೆ ಕೈ ಹಿಂದಕ್ಕೆ ತೆಗೆದೆ.

ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ತುರಿಕೆ ಬಂದರೂ ಹೇಳಲಿಲ್ಲ. ಹಲ್ಲು ಕಚ್ಚಿ ಕೂತಳು. ನಾನು ಬರೆದೆ, 'ಮಾತಿಲ್ಲ.' ಅದಕ್ಕೂ ಗೆರೆಯ ಮೇಲೆ ಗುರುತು ಬೀಳುತ್ತದೆಯೋ ಎಂದು ಸುಮಂಗಲಾರನ್ನು ಕೇಳಲು ಹೋಗಲಿಲ್ಲ.

ಏಳನೆಯ ದಿನ ಸಂಜೆ ನಾಲ್ಕಕ್ಕೆ ಒಂದು ಬಂತು. ಎಂಟನೆಯ ದಿನ ಬೆಳಿಗ್ಗೆ ಇನ್ನೊಂದು. ಎರಡೂ ದೊಡ್ಡವು. ಎರಡನೆಯದರಲ್ಲಿ ಉಸಿರು ಕಟ್ಟಿ ತುಟಿ ನೀಲಿಯಾಯಿತು, ಆಮ್ಲಜನಕ ಕೊಟ್ಟರು. ನನ್ನ ಮೂರು ಹನಿ ಇಲ್ಲದಿದ್ದರೆ ಒಂದರಲ್ಲೇ ಮುಗಿಯುತ್ತಿತ್ತೇ ಎಂದು ನಾನು ಯಾರನ್ನೂ ಕೇಳಿಲ್ಲ. ಈ ಸಲ ತಂತಿಗಳು ಸರಿಯಾಗಿದ್ದವು. ಸುಮಂಗಲಾ ಎರಡೂ ದಿನ ತಡವಾಗಿ ಕೂತು ಸ್ವಚ್ಛ ಮಾಡಿದರು.

ಒಂಬತ್ತನೆಯ ದಿನ ದೊಡ್ಡ ಡಾಕ್ಟರು ನಮ್ಮ ಮೂವರನ್ನೂ ಕೂರಿಸಿಕೊಂಡು ಹೇಳಿದರು. ದಾಖಲೆ ಬಹಳ ಚೆನ್ನಾಗಿ ಬಂದಿದೆ, ಅನುಮಾನಕ್ಕೆ ಜಾಗವಿಲ್ಲ. ಒಂದು ಫಿಟ್ಸ್ ಬಲಗಡೆಯಿಂದ ಹುಟ್ಟಿದೆ, ಒಂದು ಎಡಗಡೆಯಿಂದ. ನಡುವೆ ಸಣ್ಣ ಸಣ್ಣ ಕಿಡಿಗಳು ಎರಡೂ ಕಡೆ. ತೆಗೆಯುವುದಕ್ಕೆ ಒಂದು ಜಾಗ ಎಂಬುದಿಲ್ಲ. ಆಪರೇಷನ್ ಆಗುವುದಿಲ್ಲ. ಬೇರೆ ಮದ್ದು ಕೊಟ್ಟು ನೋಡೋಣ.

ನಿಧಿ ಒಂದೇ ಪ್ರಶ್ನೆ ಕೇಳಿದಳು, ಇಂಗ್ಲಿಷಿನಲ್ಲಿ. ಮುಂದೆ ಯಾವತ್ತಾದರೂ? ಡಾಕ್ಟರು ತಮ್ಮ ಕನ್ನಡಕ ತೆಗೆದು ಒರೆಸಿದರು. ಈಗ ನನಗೆ ಗೊತ್ತಿರುವುದರಲ್ಲಿ ಇಲ್ಲ ಮಗಳೇ, ಎಂದರು.

ತಂತಿ ಬಿಚ್ಚುವಾಗ ಸುಮಂಗಲಾ ಒಂದೂ ಕೂದಲು ಕೀಳದ ಹಾಗೆ ಒಂದು ಗಂಟೆ ಹಿಡಿದರು. ಕೊನೆಗೆ ನಿಧಿಯ ಕೆನ್ನೆಗೆ ಕೈ ಒತ್ತಿ, "ಧೈರ್ಯ ಬಿಡಬ್ಯಾಡವ್ವಾ" ಎಂದರು. ನನ್ನ ಕೈಯಿಂದ ಬ್ಯಾಗು ತೆಗೆದುಕೊಂಡು ಲಿಫ್ಟಿನವರೆಗೆ ಬಂದರು.

ಟ್ಯಾಕ್ಸಿಯಲ್ಲಿ ಮನೆಗೆ ಬಂದೆವು. ದಾರಿಯುದ್ದಕ್ಕೂ ವೈಪರ್ ಒಂದು ಕಡೆ ಗಾಜಿಗೆ ತಾಗದೆ ಒಂದು ಪಟ್ಟಿ ನೀರನ್ನು ಹಾಗೇ ಬಿಡುತ್ತಿತ್ತು.

ಮನೆಗೆ ಬಂದು ನಾನು ಅಕ್ಕಿ ತೊಳೆಯುತ್ತಿದ್ದೆ. ಫೋನು ಬಂತು. ಇವರು ಎತ್ತಿ, "ಅಮ್ಮ" ಎಂದು ನನ್ನತ್ತ ನೋಡಿದರು. ಅಂಬರನಾಥದಿಂದ, ಭಾವನವರ ಹೋಟೆಲಿನಿಂದ, ಅತ್ತೆ. ಆಪರೇಷನ್ನಿನ ದಿನ ಕೇಳಲು ಮಾಡಿದ್ದು. ನಾನು ಕೈ ಒರೆಸಿಕೊಂಡು ಹೊರಗೆ ಬಂದೆ. ಹೇಳಬೇಕಾದವಳು ನಾನು, ಎಣ್ಣೆಯದೂ ಹೇಳಬೇಕು, ಆ ಬಾಟಲಿ ಕೊಟ್ಟವರಿಗೇ ಹೇಳಬೇಕು. ಅಷ್ಟರಲ್ಲಿ ನಿಧಿ ಸೋಫಾದಿಂದ ಕೈ ಚಾಚಿ ಫೋನು ತೆಗೆದುಕೊಂಡಿದ್ದಳು. ಸ್ಪೀಕರ್ ಹಾಕಿದಳು. ಅಜ್ಜಿಯ ಹತ್ತಿರ ಮಾತ್ರ ಅವಳು ಕನ್ನಡ ಆಡುವುದು, ಹುಡುಕಿ ಹುಡುಕಿ, ಒಂದೊಂದೇ ಶಬ್ದ.

"ಅಜ್ಜಿ, ಆಪರೇಷನ್ ಇಲ್ಲ."

"ಎಂತ? ಯಾಕೆ ಮಗಾ? ಒಂದೇ ಜಾಗ ಸಿಕ್ಕಿತು ಅಂತ ನೀನೇ ಹೇಳಿದ್ದಲ್ವಾ?"

ನಾನು ಅವಳ ಮುಂದೆ ನಿಂತಿದ್ದೆ. ಅವಳು ನನ್ನನ್ನು ನೋಡಿದಳು. ಮೂರು ದಿನದಲ್ಲಿ ಮೊದಲ ಸಲ ನೇರವಾಗಿ ನೋಡಿದಳು.

"ಅದು ತಪ್ಪು ಅಜ್ಜಿ. ಮಶೀನ್ ತಪ್ಪು ತೋರಿಸಿತು."

"ಮಶೀನಾ?"

"ಹೌದು. ಮಳೆ ಇತ್ತಲ್ಲ. ಮಶೀನ್ ಹಾಳಾಯ್ತು."

ಆಚೆ ಹೋಟೆಲಿನಲ್ಲಿ ಯಾರೋ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುವ ಸದ್ದು. ಆಮೇಲೆ ಅತ್ತೆ, ಅಳುತ್ತಾ, ಸಿಟ್ಟಿನಲ್ಲಿ, "ಆ ಮಶೀನಿಗೆ ಬೆಂಕಿ ಹಾಕ! ಅಷ್ಟು ದೊಡ್ಡ ಆಸ್ಪತ್ರೆ, ಒಂದು ಮಶೀನ್ ಸರಿ ಇಡ್ಲಿಕ್ಕೆ ಆಗೂದಿಲ್ವಾ ಅವರಿಗೆ? ಮಗುವಿಗೆ ಆಸೆ ತೋರಿಸಿ... ಬೆಂಕಿ ಹಾಕ ಅದಕ್ಕೆ!"

"ಹೌದಜ್ಜಿ" ಎಂದಳು ನಿಧಿ. ತುಟಿ ನಡುಗುತ್ತಿತ್ತು, ನಗುತ್ತಿದ್ದಳು. ನನ್ನ ಮೇಲಿನಿಂದ ಕಣ್ಣು ತೆಗೆಯಲಿಲ್ಲ. "ಹಾಕುವ ಅಜ್ಜಿ. ಬೆಂಕಿ ಹಾಕುವ."